ರಾಮಣ್ಣನ ತೋಳಿನ ಪಟ್ಟಿ

ರೈಲ್ವೆ ಕಾಲೋನಿ, ಅಜನಿ, ನಾಗಪುರ
19 ಜೂನ್ 2024

ಅನಿರುದ್ಧ ಸರ್ ಅವರಿಗೆ,

ನಾನು ಟ್ರ್ಯಾಕ್‌ಮನ್ ರಾಮಣ್ಣ ಅವರ ಹೆಂಡತಿ, ಭಾನುಮತಿ. ನಿಮ್ಗ ಮೂರು ಸಲ ಫೋನ್ ಹಚ್ಚಿದೆ. ನೀವು ಎತ್ತಲಿಲ್ಲ. ಎತ್ತಿದ್ರೂ ನಂಗ ಮಾತು ಬರ್ತಿದ್ವೋ ಇಲ್ಲೋ. ಅದಕ್ಕ ಕಾಗದ ಬರಿಯಾಕ ಕುಂತೀನಿ.

ಮಾರ್ಚ್ ತಿಂಗಳದಾಗ ನೀವು ನಮ್ಮನಿಯವರ ತೋಳಿಗೆ ಪಟ್ಟಿ ಕಟ್ಟೂ ಮುಂದ ಒಂದು ಹಾಳಿ ಬರಕೊಟ್ಟಿದ್ರಿ. ಕಂಪನಿ ಫಾರಂ ಇಂಗ್ಲಿಷು, ಹಿಂದಿ ಇತ್ತಂತ ನೀವು ಕೈಯಿಂದ ಕನ್ನಡದಾಗ ಬರದ್ರಿ. 'ಈ ಪಟ್ಟಿ ನಿಮ್ಮ ನಾಡಿಬಡಿತ, ಮೈಯ ಬಿಸಿ ನೋಡುತ್ತದೆ. ಅಪಾಯ ಕಂಡರೆ ಕೂಗುತ್ತದೆ.' ಕೆಳಗ ನಿಮ್ಮ ಪುಣೆ ವಿಳಾಸ ಇತ್ತು. ನಮ್ಮನಿಯವರು ಅದನ್ನ ರೇಷನ್ ಕಾರ್ಡಿನ ಜೋಡಿ ಇಟ್ಟಿದ್ರು. ಇಲ್ಲಿಗೆ ಬಂದು ಹದಿನಾರು ವರ್ಷ ಆತು, ಕನ್ನಡದಾಗ ಬರೆದ ಒಂದು ಕಾಗದ ಯಾರೂ ಅವ್ರ ಕೈಗೆ ಕೊಟ್ಟಿರಲಿಲ್ಲ. ಅವತ್ತ ಮನಿಗೆ ಬಂದು, 'ಮೈಸೂರ ಕಡೆ ಹುಡುಗ ಅದಾನ, ಭಾಳ ಚಲೋ ಮಾತಾಡ್ತಾನ, ಅವಂಗ ಒಲ್ಲೆ ಅನ್ನಾಕ ಆಗಲಿಲ್ಲ' ಅಂದ್ರು.

ಮೇ 28ಕ್ಕ ಏನಾತು ನಿಮ್ಗ ಗೊತ್ತೈತಿ. ಕಳಮನಾದಿಂದ ಕಾಮಠಿ ಕಡೆ ಹೋಗೂ ಹಳಿ ಮ್ಯಾಲ ಕೆಲಸ ಇತ್ತು. ನಲವತ್ತೈದು ಡಿಗ್ರಿ ಬಿಸಿಲು. ಸ್ವಲ್ಪ ಕುಂದರತೀನಿ ಅಂತ ಸೇತುವಿ ನೆರಳಿಗೆ ಹೋದ್ರಂತ. ಅಲ್ಲೇ ಲೂ ಬಡೀತು, ಬಿಸಿಗಾಳಿಗೆ ಇಲ್ಲಿ ಹಂಗಂತಾರ. ದವಾಖಾನಿಗೆ ಒಯ್ಯೂದ್ರಾಗ ಮೈ ಕಾದ ಹಂಚಿನಂಗ ಆಗಿತ್ತು. ಸಂಜಿ ನಾಕಕ್ಕ ಹೋದ್ರು.

ಈಗ ಕೇಳೂ ಮಾತು. ಹೋದ ವಾರ ನಿಮ್ಮ ಕಂಪನಿಯಿಂದ ಹಿಂದಿಯಾಗ ಒಂದು ಪತ್ರ ಬಂತು. ನನ್ನ ಮಗಳು ಅಮೂಲ್ಯಾ ಓದಿ ಹೇಳಿದ್ಲು. ಪಟ್ಟಿ ಬರೋಬರ್ ಕೆಲಸ ಮಾಡೇತಿ, ಒದರೇತಿ, ಅಂತ ಅದರಾಗ ಐತಿ. ಆದ್ರ ಅವ್ರ ಗ್ಯಾಂಗ್ ನಡಸೂ ಮೇಟ್ ಮೇಶ್ರಾಮ್, 'ಭಾಭೀ, ಅದು ಒದರಿ ನಾವು ಓಡಲಿಲ್ಲ. ಅಂವ ಬಿದ್ದದ್ದು ನೋಡಿ ಓಡಿದ್ವಿ' ಅಂತಾರ. ಇಬ್ಬರಾಗ ಸುಳ್ಳು ಯಾರದು?

ಜಗಳಕ್ಕ ಕೇಳವಲ್ಲೆ ನಾ. ನನಗ ತಿಳೀಬೇಕು ಅಷ್ಟ.

ಇಂತಿ,
ಭಾನುಮತಿ ರಾಮಣ್ಣ

*

ಪುಣೆ
3 ಜುಲೈ 2024

ಶ್ರೀಮತಿ ಭಾನುಮತಿಯವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಫೋನ್ ಎತ್ತದಿದ್ದಕ್ಕೆ ಕ್ಷಮಿಸಿ. ತನಿಖೆ ಮುಗಿಯುವವರೆಗೆ ಯಾರೊಂದಿಗೂ ಮಾತನಾಡಬಾರದೆಂದು ಕಚೇರಿಯಲ್ಲಿ ಹೇಳಿದ್ದಾರೆ. ಪತ್ರ ಬರೆಯಬಾರದೆಂದು ಅವರು ಹೇಳಲಿಲ್ಲ. ಅದನ್ನೇ ನೆಪ ಮಾಡಿಕೊಂಡು ಬರೆಯುತ್ತಿದ್ದೇನೆ.

ರಾಮಣ್ಣನವರ ನಿಧನದಿಂದ ನನಗಾದ ದುಃಖ ಹೇಳಲಾರೆ. ನಲವತ್ತೊಂದು ಜನರ ತೋಳಿಗೆ ನಾವು ಆ ಪಟ್ಟಿ ಕಟ್ಟಿದ್ದೆವು. ಅವರಲ್ಲಿ ನಮಗೆ ಕೆಲಸ ಕಲಿಸಿದವರು ರಾಮಣ್ಣ ಒಬ್ಬರೇ. ಲ್ಯಾಬಿನಲ್ಲಿ ಸರಿಯಾಗಿದ್ದದ್ದು ನಾಗಪುರದ ಹಳಿಯ ಮೇಲೆ ಎರಡು ದಿನವೂ ಬಾಳಲಿಲ್ಲ. ಮಣಿಕಟ್ಟಿಗೆ ಕಟ್ಟಿದರೆ ಬೆವರು, ಧೂಳು ಸೇರಿ ಗಾಜು ಮಸುಕಾಗುತ್ತಿತ್ತು. ತೋಳಿಗೆ ಕಟ್ಟಿ ಅಂದವರು ಅವರು. ರಬ್ಬರಿನ ಬದಲು ಹಳೆಯ ಬನಿಯನ್ ಬಟ್ಟೆಯ ತೋಳು ಹೊಲಿಸಿಕೊಂಡು ಬಂದವರೂ ಅವರೇ. ಬೆವರಿನ ಉಪ್ಪು ಚಾರ್ಜ್ ಮಾಡುವ ಜಾಗವನ್ನು ತಿಂದುಹಾಕುತ್ತಿದೆ ಎಂದು ಮೊದಲು ತೋರಿಸಿಕೊಟ್ಟರು.

ನೀವು ಕೇಳಿದ್ದಕ್ಕೆ ಉತ್ತರ: ಪಟ್ಟಿ ತನಗೆ ಹಾಕಿಕೊಟ್ಟ ನಿಯಮದಂತೆ ನಡೆದಿದೆ. 12 ಗಂಟೆ 51 ನಿಮಿಷಕ್ಕೆ ಅಲಾರಂ ಆಗಿದೆ. ಮೇಶ್ರಾಮ್ ಅವರ ಫೋನಿನಲ್ಲೂ ಅದು ದಾಖಲಾಗಿದೆ. ಗಾಬರಿಯಲ್ಲಿ ಅವರ ಗಮನಕ್ಕೆ ಬಂದಿರಲಿಕ್ಕಿಲ್ಲ.

ದಯವಿಟ್ಟು ಧೈರ್ಯವಾಗಿರಿ.

ನಿಮ್ಮ ವಿಶ್ವಾಸಿ,
ಅನಿರುದ್ಧ

*

ಅಜನಿ
14 ಜುಲೈ 2024

ಸರ್,

ನಿಮ್ಮ ಕಾಗದ ಓದಿದೆ. ಎರಡು ಸಲ ಓದಿದೆ. ಅಕ್ಷರ ಚಂದ ಅದಾವ.

ಒದರೇತಿ ಅಂತೀರಿ. ಆತು, ಒಪ್ಪಿದೆ. ಹಂಗಾದ್ರ ಅವ್ರ ಮೈ ಕೆಟ್ಟದ್ದು ಎಷ್ಟಕ್ಕ, ಪಟ್ಟಿ ಒದರಿದ್ದು ಎಷ್ಟಕ್ಕ? ಅದನ್ನ ನೀವು ಬರದಿಲ್ಲ. ಮೇಶ್ರಾಮನ್ನ ನಿನ್ನೆ ಮತ್ತ ಕೇಳಿದೆ. 'ಓಡಿಹೋಗಿ ಎಬ್ಬಿಸಾಕ ಹತ್ತಿದಾಗ ನನ್ನ ಕಿಸೆದಾಗ ಫೋನ್ ಒದರಿತು' ಅಂದ್ರು. ಆ ಮನುಷ್ಯಾ ನಮ್ಮನಿಯವ್ರ ಜೋಡಿ ಹದಿಮೂರು ವರ್ಷ ದುಡದಾರ. ಗಾಬರಿ ಆಗಿರಬೇಕು, ಆದ್ರ ಸುಳ್ಳು ಹೇಳಂಗಿಲ್ಲ.

ಪಟ್ಟಿ ಕಟಗೊಂಡ ಮೊದಲನೇ ತಿಂಗಳ ನಮ್ಮನಿಯವರಿಗೆ ಭಾಳ ಬ್ಯಾಸರ ಆಗಿತ್ತು. ಘನ, ಅಂದ್ರ ದೊಡ್ಡ ಸುತ್ತಿಗಿ, ಎತ್ತಿ ಹೊಡದ್ರ ಸಾಕು, ಪಟ್ಟಿ ಕೀ ಅಂತಿತ್ತಂತ. ಗ್ಯಾಂಗಿನವ್ರೆಲ್ಲಾ ನಕ್ಕಿದ್ದ ನಕ್ಕಿದ್ದು. 'ಹಾರ್ನ್ ರಾಮಣ್ಣ' ಅಂತ ಹೆಸರಿಟ್ಟಿದ್ರು. ತೆಗೆದು ಒಗೀರಿ ಅಂದೆ. 'ಇಲ್ಲ, ಆ ಹುಡುಗಗ ಹೇಳೀನಿ, ಸುಮ್ಮ ಮಾಡಿ ಕೊಡ್ತೀನಿ ಅಂದಾನ' ಅಂದ್ರು. ಆಮ್ಯಾಲ ಖರೇನ ಸುಮ್ಮ ಆತು. ಒಂದೂವರಿ ತಿಂಗಳ ಒಂದು ಸಲನೂ ಒದರಲಿಲ್ಲ.

ನೀವು ಏನು ಮಾಡಿ ಅದನ್ನ ಸುಮ್ಮ ಮಾಡಿದ್ರಿ ಸರ್?

ಭಾನುಮತಿ

*

ಪುಣೆ
22 ಸೆಪ್ಟೆಂಬರ್ 2024

ಭಾನುಮತಿಯವರಿಗೆ,

ಎರಡು ತಿಂಗಳು ಉತ್ತರಿಸಲಿಲ್ಲ. ಬರೆದು ಹರಿದದ್ದು ಎಷ್ಟೋ. ಈ ಸಲ ಹರಿಯುವ ಮೊದಲೇ ಅಂಚೆಗೆ ಹಾಕುತ್ತೇನೆ.

ಪಟ್ಟಿಯಲ್ಲಿ ಒಂದು ಸಣ್ಣ ಹಸಿರು ದೀಪವಿದೆ. ಅದರ ಬೆಳಕು ಚರ್ಮದೊಳಗೆ ಹೋಗಿ, ರಕ್ತ ಹರಿಯುವುದನ್ನು ನೋಡಿ ಬಡಿತ ಎಣಿಸುತ್ತದೆ. ತೋಳು ಜೋರಾಗಿ ಅಲುಗಿದರೆ ಲೆಕ್ಕ ತಪ್ಪುತ್ತದೆ. ಏಪ್ರಿಲ್ ಮೊದಲ ವಾರ ಒಂದರಲ್ಲೇ ರಾಮಣ್ಣನವರ ಪಟ್ಟಿ ಇನ್ನೂರ ಹನ್ನೆರಡು ಸಲ ಕೂಗಿತು. ಒಂದೂ ನಿಜವಲ್ಲ. ಅವರು ಬಂದು, 'ಸರ್, ನಾ ದುಡಿಯೂ ಹೊತ್ತಿನ್ಯಾಗ ಇದು ಸುಮ್ಮಿರಂಗ ಮಾಡ್ರಿ' ಅಂದರು. ನನಗೂ ಅದು ಸರಿ ಅನಿಸಿತು. ಹೀಗೆ ಕೂಗುತ್ತಿದ್ದರೆ ಎಲ್ಲರೂ ಬಿಚ್ಚಿಡುತ್ತಾರೆ, ಬಿಚ್ಚಿಟ್ಟ ಪಟ್ಟಿಯಿಂದ ಯಾರಿಗೂ ಉಪಯೋಗವಿಲ್ಲ.

ನಾನೊಂದು ನಿಯಮ ಬರೆದೆ. ತೋಳು ಜೋರಾಗಿ ಅಲುಗುತ್ತಿದ್ದರೆ ಮನುಷ್ಯ ಕೆಲಸ ಮಾಡುತ್ತಿದ್ದಾನೆ ಎಂದು ತಿಳಿ. ಅಲುಗಾಟ ನಿಲ್ಲುವವರೆಗೆ ಬಡಿತವನ್ನೂ ಬಿಸಿಯನ್ನೂ ನಂಬಬೇಡ, ಸುಮ್ಮನಿರು. ಲ್ಯಾಬಿನ ಹಿಂದೆ ಹಳಿಯ ತುಂಡೊಂದನ್ನು ತರಿಸಿ, ಸಹೋದ್ಯೋಗಿಗಳಿಂದ ಸುತ್ತಿಗೆ ಹೊಡೆಸಿ ನೋಡಿದೆ. ಚೆನ್ನಾಗಿ ನಡೆಯಿತು. ಎಲ್ಲರೂ ಬೆನ್ನು ತಟ್ಟಿದರು.

ಬಿಸಿಲೇರಿದ ಮೈ ನಡುಗುತ್ತದೆ, ಕೈಕಾಲು ಸೆಟೆದು ಅದುರುತ್ತವೆ. ಅದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದೆ. ಆ ನಡುಕವನ್ನೂ ನನ್ನ ನಿಯಮವನ್ನೂ ಒಟ್ಟಿಗೆ ಇಟ್ಟು ಯೋಚಿಸಲಿಲ್ಲ.

ಆ ದಿನ 12:38ಕ್ಕೆ ರಾಮಣ್ಣ ಸೇತುವೆಯ ಕೆಳಗೆ ನಡುಗಲು ಶುರು ಮಾಡಿದರು. 12:51ಕ್ಕೆ ನಡುಕ ನಿಂತಿತು. ಮೈ ಅಲುಗದಾದ ಮೇಲೆ ಪಟ್ಟಿ ಬಡಿತ ಎಣಿಸಿ, ಕೂಗಿತು. ನಡುವಿನ ಹದಿಮೂರು ನಿಮಿಷ ನಮ್ಮ ಪರದೆಯಲ್ಲಿ ಅವರ ಹೆಸರಿನ ಮುಂದೆ 'ಕೆಲಸದಲ್ಲಿದ್ದಾರೆ' ಎಂದಿದೆ. ಆಗ ನಾನು ನಾಗಪುರದಲ್ಲೇ ಇದ್ದೆ. ವರ್ಧಾ ರಸ್ತೆಯ ನಮ್ಮ ಕೋಣೆಯಲ್ಲಿ, ಕೂಲರ್ ಮುಂದೆ. ಆ ಸಾಲನ್ನು ಓದಿದೆ. ಓದಿ ಊಟದ ಡಬ್ಬಿ ಬಿಚ್ಚಿದೆ.

ಕಂಪನಿಯ ಪತ್ರ ಸುಳ್ಳಲ್ಲ. ಮೇಶ್ರಾಮ್ ಕೂಡ ಸುಳ್ಳು ಹೇಳಲಿಲ್ಲ. ಮರೆಮಾಚಿದವನು ನಾನು.

ಅನಿರುದ್ಧ

*

ಅಜನಿ
2 ನವೆಂಬರ್ 2024

ಅನಿರುದ್ಧ ಅವರಿಗೆ,

ನಿಮ್ಮ ಕಾಗದ ಬಂದ ದಿವಸ ಅಮೂಲ್ಯಾ ಶಾಲಿಯಿಂದ ಬಂದು, 'ಆಯೀ, ಕಾಯ ಲಿಹಿಲಂಯ?' ಅಂತ, ಏನ ಬರದಾರಂತ ಮರಾಠಿಯಾಗ ಕೇಳಿದ್ಲು. ಆಕಿಗೆ ಕನ್ನಡ ಓದಾಕ ಬರಂಗಿಲ್ಲ, ಅಕ್ಷರ ಕೂಡಿಸ್ಕೋತ ಕುಂದರತಾಳ. ಕಲಿಸಲಿಲ್ಲ ಅಂತ ನಂಗ ಯಾವಾಗ್ಲೂ ಕೆಡಕ ಆಗತಿತ್ತು. ಅವತ್ತ ಕಲಿಸದಿದ್ದದ್ದ ಚಲೋ ಆತು ಅನಿಸಿತು. ಏನೂ ಇಲ್ಲ, ಕಂಪನಿ ಕಾಗದ ಅಂದೆ.

ನಿಮ್ಮ ಮ್ಯಾಲ ಸಿಟ್ಟು ಬಂತು. ನಮ್ಮನಿಯವರ ಮ್ಯಾಲ ಅದಕ್ಕಿಂತ ಜಾಸ್ತಿ ಬಂತು. ಸುಮ್ಮ ಮಾಡ್ರಿ ಅಂತ ಕೇಳಿದಾವ್ರು ಅವ್ರ ಅಲ್ಲೇನು. ನಾಕು ಮಂದಿ ನಗತಾರಂತ ಕೇಳಿದ್ರು.

ನೀವು ನಿಮ್ಮದು ಬರದೀರಿ. ನಾನೂ ನಂದು ಬರೀತೀನಿ. ಇದನ್ನ ಯಾರಿಗೂ ಹೇಳಿಲ್ಲ, ತೀರಿಕೊಂಡಾಗ ಊರಿಂದ ಬಂದಿದ್ದ ನಮ್ಮತ್ತಿಗೂ ಹೇಳಿಲ್ಲ.

ಅವತ್ತ ಮುಂಜಾನೆ ಅವ್ರಿಗೆ ಎರಡು ಸಲ ವಾಂತಿ ಆಗಿತ್ತು. ಮಾರಿ ಬಾಡಿತ್ತು. 'ಇವತ್ತ ರಜಾ ಹಾಕಲೇನು?' ಅಂತ ನನ್ನ ಕೇಳಿದ್ರು. ಅವ್ರು ಕೇಳೂ ಮನುಷ್ಯಾ ಅಲ್ಲ, ಅವತ್ತ ಕೇಳಿದ್ರು. ಮುಂದಿನ ತಿಂಗಳ ಗದಗಕ್ಕ ನನ್ನ ತಮ್ಮನ ಮದಿವಿಗೆ ಹೋಗೂದಿತ್ತು. ಇದ್ದ ರಜಾ ಈಗ ಖರ್ಚು ಮಾಡಿದ್ರ ಆಗ ಸಿಗಂಗಿಲ್ಲ ಅಂತ ನನ್ನ ತಲಿಯಾಗ ಇತ್ತು. ನಾನು ಅಂದೆ, 'ಹೋಗಿ ಬರ್ರಿ. ತೋಳಾಗ ಪಟ್ಟಿ ಐತಲ್ಲ. ಏನರ ಆದ್ರ ಅದು ಹೇಳತೈತಿ.'

ಅವ್ರು ಪಟ್ಟಿ ಕಟಗೊಂಡು ಹೋದ್ರು. ಪಟ್ಟಿ ಗುಂಡಿ ನಾನ ಹಾಕಿದೆ.

ಪಟ್ಟಿ ಇಲ್ಲದಿದ್ರ ನಾ ಅವ್ರನ್ನ ಕಳಸ್ತಿದ್ದಿಲ್ಲ. ಇದನ್ನ ನಿಮ್ಮನ್ನ ಬೈಯಾಕ ಬರದಿಲ್ಲ. ಇದ್ದದ್ದು ಹಿಂಗ ಐತಿ.

ಒಂದು ಕೇಳತೀನಿ. ಉಳದ ನಲವತ್ತು ಮಂದಿ ತೋಳಾಗ ಆ ನಿಯಮ ಇನ್ನೂ ಐತೇನು?

ಭಾನುಮತಿ

*

ಪುಣೆ
25 ನವೆಂಬರ್ 2024

ಅಕ್ಕ,

ಹೀಗೆ ಕರೆಯುವ ಹಕ್ಕು ನನಗಿಲ್ಲ. ಆದರೂ ಇದೊಂದು ಸಲ ಕರೆಯುತ್ತೇನೆ, ಬೇಡವಾದರೆ ಹೇಳಿ.

ನಿಮ್ಮ ಪತ್ರ ಬಂದಾಗ ನಲವತ್ತು ಪಟ್ಟಿಗಳೂ ಬೀರುವಿನಲ್ಲಿದ್ದವು. ಬೇಸಿಗೆ ಮುಗಿದಿತ್ತು. ಆದರೆ ನಿಯಮ ಹಾಗೇ ಇತ್ತು. ಬರುವ ಬೇಸಿಗೆಗೆ ಇನ್ನೂರು ಜನರಿಗೆ ಕಟ್ಟುವ ಯೋಜನೆ ತಯಾರಾಗಿತ್ತು. ಹಳಿಯ ಮೇಲಿನವರಿಗಷ್ಟೇ ಅಲ್ಲ, ಕಳಮನಾ ಮಾರುಕಟ್ಟೆಯಲ್ಲಿ ಮೂಟೆ ಹೊರುವವರಿಗೂ.

ನಾನು ವರದಿ ಬರೆದುಕೊಟ್ಟೆ. ಹದಿಮೂರು ನಿಮಿಷದ ವಿಷಯ ಅದರಲ್ಲಿತ್ತು. ನಮ್ಮ ಮುಖ್ಯಸ್ಥ ಮಧುಸೂದನ ಸರ್ ಕೋಣೆಗೆ ಕರೆದು ಬಾಗಿಲು ಹಾಕಿದರು. ಕೆಟ್ಟ ಮನುಷ್ಯನಲ್ಲ, ನನಗೆ ಈ ವಿದ್ಯೆ ಕಲಿಸಿದವರು. 'ನಿಯಮ ತೆಗೆಯೋಣ, ಆದರೆ ಈ ವಾಕ್ಯ ಬೇಡ. ಒಂದು ಸಾವಿನಿಂದ ಇಡೀ ಕೆಲಸ ನಿಂತರೆ, ಮುಂದೆ ಉಳಿಯಬಹುದಾದವರು ಉಳಿಯುವುದಿಲ್ಲ. ಅದನ್ನೂ ನಿನ್ನ ತಲೆಗೆ ಕಟ್ಟಿಕೊಳ್ಳುತ್ತೀಯಾ?' ಎಂದರು. ನಾನು ಆ ವಾಕ್ಯವನ್ನು ತೆಗೆಯಲಿಲ್ಲ. ಇಂಥ ಪ್ರಯೋಗಗಳನ್ನು ನೋಡಿಕೊಳ್ಳುವ ವೈದ್ಯರ ಸಮಿತಿಗೆ ಒಂದು ಪ್ರತಿ ಕಳಿಸಿದೆ. ಮರುವಾರ ನನ್ನ ಮೇಜು ಖಾಲಿ ಮಾಡಲು ಹೇಳಿದರು.

ಸಮಿತಿಯವರು ನಿಯಮ ತೆಗೆಸಿದ್ದಾರೆ. ಇದು ಗೆಲುವಲ್ಲ. ಇನ್ನು ಪಟ್ಟಿ ಮೊದಲಿನಂತೆ ದಿನವಿಡೀ ಕೂಗುತ್ತದೆ. ಜನ ಬಿಚ್ಚಿಡುತ್ತಾರೆ.

ರಜೆಯ ಬಗ್ಗೆ ನೀವು ಬರೆದದ್ದನ್ನು ಓದಿದೆ. ಅದು ನಿಮ್ಮ ತಪ್ಪಲ್ಲ ಎಂದು ಬರೆದು ಹೊಡೆದುಹಾಕಿದೆ. ಯಾರದೋ ಬಾಯಿಂದ ಹಾಗೆ ಕೇಳಿಸಿಕೊಂಡಾಗ ನನಗೂ ಏನೂ ಹಗುರವಾಗಲಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ನೀವು ನಂಬಿದ್ದು ನನ್ನ ಕೈಬರಹದ ಹಾಳೆಯನ್ನು.

ಅನಿರುದ್ಧ

*

ಅಜನಿ
9 ಫೆಬ್ರುವರಿ 2025

ಅನಿರುದ್ಧ,

ಅಕ್ಕ ಅಂತ ಕರದ್ರ ನಡೀತೈತಿ.

ನಮ್ಮನಿಯವರ ಜಾಗಾದಾಗ ನಂಗ ನೌಕರಿ ಆತು. ಆಫೀಸಿನ್ಯಾಗ ಕೆಲಸ ಸಿಗಬಹುದು ಅಂದಿದ್ರು. ಜಾಗಾ ಇಲ್ಲಂತ. ಹಳಿ ಮ್ಯಾಲ ಹಾಕ್ಯಾರ. ಅದ ಗ್ಯಾಂಗು, ಅದ ಮೇಶ್ರಾಮ್ ಮೇಟ್. ಊರಿಗೆ ಬಾ ಅಂತ ತಮ್ಮ ಕರದ. ಅಮೂಲ್ಯಾಗ ಮರಾಠಿ ಬಿಟ್ರ ಶಾಲಿ ಇಲ್ಲ, ಕ್ವಾರ್ಟರ್ಸ್ ಬಿಟ್ರ ಮನಿ ಇಲ್ಲ. ಸೇರಿಕೊಂಡೆ.

ಮೊದಲನೇ ದಿವಸ ಹಳಿ ನಡುವಿನ ಖಡಿಕಲ್ಲ ಮ್ಯಾಲ ನಡಿಯಾಕ ಬರಲಿಲ್ಲ, ಪಾದ ಹೊಳ್ಳತಿದ್ವು. ಈಗ ಬರತೈತಿ. ಘನ ಎತ್ತೂದು ವತ್ಸಲಾ ಕಲಿಸ್ಯಾಳ. ಆಕಿ ಇತವಾರಿ ಕಡೆಯಾಕಿ, ನನ್ನಂಗ ಗಂಡನ ಜಾಗಾದಾಗ ಬಂದಾಕಿ. 'ಕೈಯಿಂದ ಹೊಡೀಬ್ಯಾಡ, ಭಾರ ತಾನ ಇಳೀಲಿ' ಅಂತಾಳ. ಆ ಸೇತುವಿ ದಿನಾ ದಾಟತೀನಿ. ಕೆಳಗ ಒಬ್ಬರು ಕುಂದರುವಷ್ಟ ನೆರಳು ಐತಿ. ಮೇಶ್ರಾಮ್ ಅಲ್ಲಿ ಬಂದ ಕೂಡ್ಲೆ ಬ್ಯಾರೆ ಮಾತು ತಗೀತಾರ.

ನಿಮ್ಮ ಕಂಪನಿಯವ್ರು ಹೋದ ವಾರ ಬಂದಿದ್ರು. ಒಬ್ಬ ಹುಡುಗಿ, ಮರಾಠಿ ಭಾಳ ಚಂದ ಮಾತಾಡ್ತಾಳ. ಎಂಟು ಮಂದಿ ಕಟಗೊಂಡ್ರು. ನಾ ಸಹಿ ಮಾಡಲಿಲ್ಲ. ನೀವು ಬರದಂಗ ಆತು. ವತ್ಸಲಾನ ಪಟ್ಟಿ ಎರಡು ತಾಸಿನ್ಯಾಗ ಮೂವತ್ತು ಸಲ ಒದರಿತು. ಆಕಿ ಅದನ್ನ ಬಿಚ್ಚಿ ರೊಟ್ಟಿ ಡಬ್ಬಿ ಹಿಡಕಿಗೆ ಕಟ್ಟಿ, 'ನನ್ನ ಭಾಕರಿಗೆ ಜ್ವರ ಬಂದೈತಿ ನೋಡ್ರಿ' ಅಂದ್ಲು. ಎಲ್ಲಾರೂ ನಕ್ರು. ನಾನೂ ನಕ್ಕೆ.

ನಕ್ಕು, ಆಮ್ಯಾಲ ಸರಕೊಂಡು ಹೋಗಿ ಕುಂತೆ. ಅವ್ರನ್ನ ನೋಡಿ ನಕ್ಕವ್ರ ಜೋಡಿ ನಾನೂ ಒಬ್ಬಾಕಿ ಆದೆ ಅನಿಸಿತು.

ಏಪ್ರಿಲ್ ಬರಾಕ ಹತ್ತೇತಿ. ನಂಗ ಅಂಜಿಕಿ ಐತಿ.

ಭಾನುಮತಿ

*

ಪುಣೆ
17 ಏಪ್ರಿಲ್ 2025

ಅಕ್ಕ,

ಮಾರ್ಚ್ ಕೊನೆಗೆ ನಾನು ನಾಗಪುರಕ್ಕೆ ಬಂದಿದ್ದೆ. ನಿಮಗೆ ಹೇಳಲಿಲ್ಲ. ಕಳಮನಾ ಹತ್ತಿರದ ಮೇಲ್ಸೇತುವೆಯ ಮೇಲೆ ಆಟೋ ನಿಲ್ಲಿಸಿ ಕೆಳಗೆ ನೋಡಿದೆ. ಕಿತ್ತಳೆ ಬಣ್ಣದ ಕೋಟು ಹಾಕಿದ ಹತ್ತು ಹನ್ನೆರಡು ಜನ ಹಳಿಯ ಮೇಲೆ ಬಾಗಿದ್ದರು. ಇಬ್ಬರು ಹೆಂಗಸರು. ಅವರಲ್ಲಿ ನೀವು ಯಾರು ಅಂತ ಗೊತ್ತಾಗಲಿಲ್ಲ. ಇಳಿದು ಬರಲು ಮೆಟ್ಟಿಲಿತ್ತು. ಅರ್ಧ ಗಂಟೆ ನಿಂತೆ. ಆಟೋದವನು 'ಜಲ್ದಿ ಕರೋ ಸಾಬ್' ಅಂದ. ಹೊರಟುಬಿಟ್ಟೆ.

ಈಗ ಇಲ್ಲೊಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತೇನೆ. ಸಂಜೆ ಅಲ್ಲಿನ ವರ್ಕ್‌ಶಾಪಿನಲ್ಲಿ ಒಂದು ಪಟ್ಟಿ ಮಾಡಿದ್ದೇನೆ. ಒಂದೇ ಒಂದು. ತೋಳು ಅಲುಗುವಾಗ ಅಪಾಯ ಕಂಡರೆ ಇದು ಸುಮ್ಮನಿರುವುದಿಲ್ಲ, ತಕ್ಷಣ ಕೂಗುವುದೂ ಇಲ್ಲ. ಮೊದಲು ಚರ್ಮಕ್ಕೆ ಮೆಲ್ಲಗೆ ಎರಡು ಸಲ ತಟ್ಟುತ್ತದೆ, ಚೆನ್ನಾಗಿದ್ದೀಯಾ ಎಂದು ಕೇಳಿದ ಹಾಗೆ. ಕಟ್ಟಿಕೊಂಡವರು ಇನ್ನೊಂದು ಕೈಯಿಂದ ಅದರ ಗುಂಡಿಯನ್ನು ಒಮ್ಮೆ ಒತ್ತಿದರೆ ಸಾಕು. ಅರ್ಧ ನಿಮಿಷದಲ್ಲಿ ಒತ್ತದಿದ್ದರೆ ಕೂಗುತ್ತದೆ. ಇಷ್ಟೇ. ಯಂತ್ರ ಊಹಿಸಬೇಕಿರಲಿಲ್ಲ. ಮನುಷ್ಯನನ್ನು ಕೇಳಿದ್ದರೆ ಸಾಕಿತ್ತು. ಆ ಮಧ್ಯಾಹ್ನ ರಾಮಣ್ಣ ಒತ್ತುತ್ತಿರಲಿಲ್ಲ. 12:39ಕ್ಕೆ ಅದು ಕೂಗುತ್ತಿತ್ತು.

ಕಾಲೇಜಿನ ತಾರಸಿಯ ಮೇಲೆ ನಾನೇ ಕಟ್ಟಿಕೊಂಡು ಬಿಸಿಲಲ್ಲಿ ನಡೆದೆ. ಅದು ಪರೀಕ್ಷೆಯೇ ಅಲ್ಲ. ಪುಣೆಯ ಬಿಸಿಲು ನಾಗಪುರದ ಬಿಸಿಲಲ್ಲ, ನನ್ನ ಕೈ ಘನ ಹಿಡಿದ ಕೈಯಲ್ಲ. ಘನ ಹಿಡಿದವರು ನಡುವೆ ಕೈ ಬಿಟ್ಟು ಗುಂಡಿ ಒತ್ತಬಲ್ಲರೇ, ಬೆವರಿದ ಬೆರಳು ಜಾರುತ್ತದೆಯೇ, ನನಗೆ ತಿಳಿಯದು. ಅದನ್ನು ನಿಮಗೆ ಕೊಡುತ್ತೇನೆ ಎಂದು ನಾನು ಬರೆಯುವುದಿಲ್ಲ. ನಿಮ್ಮ ಮನೆಯಿಂದ ಇನ್ನೊಂದು ತೋಳನ್ನು ಕೇಳುವ ಮುಖ ನನಗಿಲ್ಲ. ಸಮಿತಿಗೆ ಬರೆದಿದ್ದೇನೆ, ಒಪ್ಪಿಗೆ ಬಂದರೂ ಬೇರೆ ಯಾರನ್ನಾದರೂ ಹುಡುಕುತ್ತೇನೆ.

ಇನ್ನೊಂದು ಮಾತು. ಒಂದು ವರ್ಷವಾಗುತ್ತಾ ಬಂತು. ನನ್ನನ್ನು ಕ್ಷಮಿಸಿದ್ದೀರಾ? ಕೇಳಬಾರದೆಂದು ಗೊತ್ತು.

ಅನಿರುದ್ಧ

*

ಅಜನಿ
12 ಮೇ 2025

ಅನಿರುದ್ಧ,

ಕೇಳಬಾರದು ಅಂತ ಗೊತ್ತಿದ್ದೂ ಕೇಳೀರಿ. ಅದಕ್ಕ ಹೇಳತೀನಿ. ಕ್ಷಮಾ ಅಂಬೂದು ನನ್ನ ಹಂತ್ಯಾಕ ಇಲ್ಲ. ನಿಮ್ಗ ಅಂತಲ್ಲ. ನಂಗ ಕೊಟಗೊಳ್ಳಾಕೂ ಇಲ್ಲ, ಅವ್ರಿಗೆ ಕೊಡಾಕೂ ಇಲ್ಲ. ಅದನ್ನ ಕಾಯಬ್ಯಾಡ್ರಿ.

ಇಲ್ಲಿ ಬಿಸಿಲು ಏರೇತಿ. ಮಂಗಳವಾರ ಹಳಿ ಮುಟ್ಟಿದ್ರ ಕೈಗವುಸಿನ ಮ್ಯಾಲಿಂದ ಸುಟ್ಟಿತು. ಒಂದು ತಾಸು ದುಡದ್ರ ಕಣ್ಣಾಗ ಹಳದಿ ಕಾಣತೈತಿ. ಇಷ್ಟು ವರ್ಷ ಅವ್ರು ಮನಿಗೆ ಬಂದು ಮಾತಾಡದ ಕುಂದರತಿದ್ರು, ನನ್ನ ಮ್ಯಾಲ ಸಿಟ್ಟೇನೋ ಅನಕೊಂಡು ನಾನೂ ಮಾತಾಡ್ತಿದ್ದಿಲ್ಲ. ಈಗ ನಾ ಹಂಗ ಕುಂದರತೀನಿ. ಅಮೂಲ್ಯಾ, 'ಆಯೀ, ರಾಗಾವಲೀಸ ಕಾ?' ಅಂತಾಳ, ಸಿಟ್ಟು ಬಂದೈತೇನು ಅಂತ. ಇಲ್ಲವಾ, ಮಾತಾಡಾಕ ತ್ರಾಣ ಇಲ್ಲ ಅಂತ ಹೇಳತೀನಿ. ಅವ್ರು ನಂಗ ಅಷ್ಟು ಹೇಳಬಹುದಿತ್ತು.

ನಿಮ್ಮ ಪಟ್ಟಿ ವಿಚಾರ ಮೇಶ್ರಾಮಗ ಹೇಳಿದೆ. ಗುಂಡಿ ಒತ್ತೂದು ಆಗತೈತಿ ಅಂದ್ರು, ಒಂದು ಸಲ ಘನ ಇಳದು ಇನ್ನೊಂದು ಸಲ ಏಳೂದ್ರಾಗ ಉಸಿರು ಬಿಡೂವಷ್ಟು ಹೊತ್ತು ಇರತೈತಿ. ಆದ್ರ ಗುಂಡಿ ದೊಡ್ಡದಿರಬೇಕಂತ. ಕೈಗವುಸು ಹಾಕಿದ್ರ ಸಣ್ಣ ಗುಂಡಿ ಸಿಗಂಗಿಲ್ಲ. ವತ್ಸಲಾ, ಬಲಗೈಗೆ ಬ್ಯಾಡ, ಎಡಗೈಗೆ ಕಟ್ಟಲಿ ಅಂತಾಳ. ಇವೆಲ್ಲಾ ವರ್ಕ್‌ಶಾಪಿನ್ಯಾಗ ಕುಂತು ನಿಮ್ಗ ತಿಳಿಯಂಗಿಲ್ಲ.

ಬ್ಯಾರೆ ಯಾರನ್ನರ ಹುಡುಕತೀನಿ ಅಂತ ಬರದೀರಿ. ಯಾರನ್ನ ಹುಡುಕತೀರಿ? ಅವ್ರ ಮನಿಯಾಗೂ ಒಬ್ಬಾಕಿ ಇರತಾಳ, ಗುಂಡಿ ಹಾಕಿ ಕಳಸಾಕಿ. ಆಕಿಗೆ ಏನೂ ತಿಳದಿರಂಗಿಲ್ಲ. ನಂಗ ಎಲ್ಲಾ ತಿಳದೈತಿ. ಸಮಿತಿಯವ್ರು ಒಪ್ಪಿದ್ರ ನನ್ನ ತೋಳಿಗೇ ಕಟ್ಟರಿ. ನಿಮ್ಮ ಮ್ಯಾಲಿನ ವಿಶ್ವಾಸಕ್ಕ ಕಟಗೊಳ್ಳವಲ್ಲೆ. ಅದು ಒದರಿದ್ರೂ, ಒದರದಿದ್ರೂ, ನಾನು ಮೇಶ್ರಾಮನ ಮಾರಿ ನೋಡತೀನಿ, ಮೇಶ್ರಾಮ್ ವತ್ಸಲಾನ ಮಾರಿ ನೋಡತಾರ, ಆಕಿ ನಂದು ನೋಡತಾಳ. ತಾಸಿಗೆ ಎರಡು ಸಲ. ಈ ಬ್ಯಾಸಗಿಯಿಂದ ನಾವ ಮಾಡಿಕೊಂಡ ನಿಯಮ ಇದು.

ಆದ್ರ ಪಟ್ಟಿ ಅಂಚೆಯಾಗ ಕಳಸಬ್ಯಾಡ್ರಿ. ಪರದೆ ಮುಂದ ಕುಂತು ನೋಡೂದೂ ಬ್ಯಾಡ. ನೀವ ತಗೊಂಡು ಬರ್ರಿ. ಮ್ಯಾಲಿನ ಸೇತುವಿಯಿಂದ ಅಲ್ಲ, ಮೆಟ್ಟಲಾ ಇಳದು ಕೆಳಗ ಬರ್ರಿ. ಕಟ್ಟಿ, ಕೆಲಸ ಮುಗಿಯೂತನಕ ನಮ್ಮ ಜೋಡಿ ಬಿಸಿಲಾಗ ನಿಂದರ್ರಿ. ಒಂದು ದಿವಸ ಅಲ್ಲ, ಬ್ಯಾಸಗಿ ಮುಗಿಯೂತನಕ. ಆಗೂದಿಲ್ಲ ಅಂದ್ರ ಈಗ ಹೇಳ್ರಿ, ನಾ ಏನೂ ಅನ್ನಂಗಿಲ್ಲ, ಕಾಗದ ಇಲ್ಲಿಗೆ ನಿಲ್ಲಲಿ.

ಬರೂದಾದ್ರ, ಮುಂಜಾನೆ ಆರಕ್ಕ ಕಳಮನಾ ಸ್ಟೇಷನ್ನಿನ ಕಾಮಠಿ ಕಡೆ ತುದಿ. ತಲಿಗೆ ಬಿಳೆ ಅರಿವಿ ಸುತಗೊಂಡು ಬರ್ರಿ. ನೀರು ನಾ ತರತೀನಿ.

ಭಾನುಮತಿ